ಗಂಟಿಲ್ಲದ ಹಲಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.40

ಇವತ್ತು ಹೆಂಡತಿಗೆ ಹಾಲ್ ದಾಟಲು ಇಪ್ಪತ್ತೆರಡು ನಿಮಿಷ. ನಿನ್ನೆಗಿಂತ ನಾಲ್ಕು ಹೆಚ್ಚು. ಮಲಗುವ ಕೋಣೆಯ ಬಾಗಿಲಿಂದ ಬಚ್ಚಲಿಗೆ ಹನ್ನೊಂದೇ ಹೆಜ್ಜೆ. ಬಾಗಿಲಲ್ಲೇ ನಿಂತು ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿಕೊಂಡಳು.

"ನೀರು ನಿಂತಿದೆ ಕಣ್ರೀ."

"ನೀರಲ್ಲ ಕಣೇ. ಟೈಲ್ಸ್ ಹೊಳೀತಿದೆ ಅಷ್ಟೇ."

"ನಿಮಗೇನು, ಬೂಟು ಹಾಕ್ಕೊಂಡಿದ್ದೀರ."

ಬೂಟು ಹಾಕಿರಲಿಲ್ಲ. ವಾದ ಮಾಡಿ ಉಪಯೋಗವಿಲ್ಲ ಅಂತ ಗೊತ್ತು, ಆದರೂ ದಿನಾ ಮಾಡುತ್ತೇನೆ. ಈ ಟೈಲ್ಸ್ ಆರಿಸಿದ್ದು ನಾನೇ, ಹದಿನೈದು ವರ್ಷದ ಹಿಂದೆ. ಬಿಳಿ, ಮುಖ ಕಾಣುವಷ್ಟು ಹೊಳಪು. ಬಂದವರಿಗೆಲ್ಲ ತೋರಿಸಿ ಬೀಗಿದ್ದೇ ಬೀಗಿದ್ದು.

ಜನವರಿಯಲ್ಲಿ ಹೊಳಪು ಕಾಣದಿರಲಿ ಅಂತ ನ್ಯೂಸ್‌ಪೇಪರ್ ಹಾಸಿದೆ. ಪೇಪರ್ ಜಾರಿತು, ಬಿದ್ದಳು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅದಕ್ಕೂ ಮೊದಲು ಒಮ್ಮೆ ಬಿದ್ದಿದ್ದಳು — ಅಲ್ಲಿಗೆ ಎರಡು. ಆಸ್ಪತ್ರೆಯ ಕಾರಿಡಾರಿನಲ್ಲೇ ಮಗಳು ಹೇಳಿದಳು.

"ಅಪ್ಪಾ, ಇನ್ನೊಂದು ಸಲ ಬಿದ್ರೆ ಅಮ್ಮನ್ನ ಕೇರ್ ಹೋಮಿಗೆ ಸೇರಿಸೋದೇ. ಆಗ ನೀನು ಅಡ್ಡ ಬರಬಾರದು."

ಹೂಂ ಅಂದೆ. ಮಾತು ಕೊಟ್ಟ ಹಾಗೆ ಅವಳ ಅಂಗೈ ಮೇಲೆ ಕೈಯಿಟ್ಟು ಹೂಂ ಅಂದೆ. ಆಗ ಬೇರೇನು ಅನ್ನಲಿ.

ಮಾರ್ಚ್ 5, ಬುಧವಾರ

ಮೆಮರಿ ಕ್ಲಿನಿಕ್. ಡಾಕ್ಟರ್ ಐದು ನಿಮಿಷ, ನರ್ಸ್ ಅರ್ಧ ಗಂಟೆ. ನರ್ಸ್ ಒಂದು ಹಾಳೆ ಕೊಟ್ಟಳು. ಇಂಥ ಕಾಯಿಲೆಯವರಿಗೆ ಹೊಳಪು ನೀರಾಗಿ ಕಾಣುತ್ತಂತೆ, ಕಪ್ಪು ಪಟ್ಟಿ ಗುಂಡಿಯಾಗಿ ಕಾಣುತ್ತಂತೆ. ನೆಲ ಬದಲಾಯಿಸಲು ಆದರೆ ಬದಲಾಯಿಸಿ ಅಂದಳು. ಒಂದೇ ಬಣ್ಣ, ಹೊಳಪಿಲ್ಲದ್ದು, ಚಿತ್ತಾರವಿಲ್ಲದ್ದು. ಕಾರ್ಪೆಟ್ಟು, ಚಾಪೆ ಬೇಡವೇ ಬೇಡ, ಅಂಚಿಗೆ ಕಾಲು ಸಿಕ್ಕುತ್ತೆ. ಲ್ಯಾಮಿನೇಟ್ ಹಲಗೆ ಆದರೆ ಟೈಲ್ಸ್ ಒಡೆಯದೆ ಮೇಲೆಯೇ ಹಾಕಬಹುದು, ಕಾಲಿಗೆ ತಣ್ಣಗಿರುವುದಿಲ್ಲ.

"ಆಮೇಲೆ ದಿನಾ ಬರೆದಿಡಿ ಸರ್," ಅಂದಳು. ಅದಕ್ಕೊಂದು ಫಾರ್ಮ್. ಊಟ, ನಿದ್ದೆ, ಸ್ನಾನ, ಸಿಡುಕು. ಎಲ್ಲ ಅವಳದು. ನನ್ನ ಸಿಡುಕಿಗೆ ಕಾಲಂ ಇಲ್ಲ. ಹಾಗಾಗಿ ಅದನ್ನೂ ತುಂಬುತ್ತೇನೆ, ಇದನ್ನೂ ಗೀಚುತ್ತೇನೆ. ಇದು ನನ್ನ ಹಳೇ ಆರ್ಡರ್ ಪುಸ್ತಕ. ಮುಂದಿನ ಪುಟಗಳ ತುಂಬ ಯಾರ್‍ಯಾರದೋ ಬಾಗಿಲುಗಳ ಅಳತೆ. ಹಿಂದಿನ ಪುಟಗಳು ಖಾಲಿ ಬಿದ್ದಿದ್ದವು.

ಮಾರ್ಚ್ 8, ಶನಿವಾರ

ಮಗಳು ಬಂದು ಅಮ್ಮನ ಜೊತೆ ಕೂತಳು. ನಾನು ಅಂಗಡಿಗೆ.

ಗೋಡೆ ತುಂಬ ಹಲಗೆ. ಓಕ್, ವಾಲ್‌ನಟ್, ಟೀಕ್, ಬೀಚ್. ಒಂದೂ ಮರವಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಚಿತ್ರದ ಕಾಗದ, ಅದರ ಮೇಲೆ ಗಾಜಿನಷ್ಟು ಗಟ್ಟಿ ಪದರ. ನನ್ನಂಥವನಿಗೆ ಹೊಟ್ಟೆ ಉರಿಯಬೇಕು, ಉರಿಯಿತು. ನಲವತ್ತು ವರ್ಷ ಅದೇ ಕೆಲಸ ಮಾಡಿದವನು ನಾನು. ಕಬ್ಬಿಣದ ಬಾಗಿಲು, ಪ್ಲೈವುಡ್ ಬೀರು, ಸಿಮೆಂಟ್ ಕಂಬ — ಏನೇ ಕೊಡಲಿ, ಬಣ್ಣ ಬಳಿದು, ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಮರದ ಎಳೆ ಮೂಡಿಸಿ, ಬೆರಳ ತುದಿಯಿಂದ ಗಂಟು ಕೂರಿಸಿ ತೇಗದ ಮರ ಮಾಡಿ ಕೊಡುತ್ತಿದ್ದೆ. ಅದು ಮರವಲ್ಲ ಅಂತ ಬಾಗಿಲು ತಟ್ಟಿ ನೋಡಿದ ಮೇಲೇ ಜನ ನಂಬುತ್ತಿದ್ದರು. ಈ ಹಲಗೆಗಳು ಬಂದವು, ನನ್ನ ಕೆಲಸ ಹೋಯಿತು. ಈಗ ಅದೇ ಹಲಗೆ ಕೊಳ್ಳಲು ಹೋಗಿದ್ದೇನೆ.

ಅಂಗಡಿಯ ಹುಡುಗಿ ಕ್ಯಾಟಲಾಗ್ ಬಿಡಿಸುತ್ತಾ ಹೋದಳು. ಮಾತಿಗೊಂದು ಕ್ಯಾಟಲಾಗ್. ಕ್ಯಾಟಲಾಗ್ ರಾಣಿ ಅಂತ ಮನಸ್ಸಿನಲ್ಲೇ ಹೆಸರಿಟ್ಟೆ. ಒಂದು ಹಲಗೆ ತೋರಿಸಿ ಬುದ್ಧಿ ಹೇಳಿದೆ.

"ಗಂಟಿನ ಹತ್ರ ಎಳೆ ಹೀಗೆ ಹೋಗಲ್ಲಮ್ಮಾ. ಗಂಟು ಅಂದ್ರೆ ಕೊಂಬೆ ಹುಟ್ಟಿದ ಜಾಗ. ಎಳೆ ಅದನ್ನ ಸುತ್ತಿಕೊಂಡು ಹೋಗ್ಬೇಕು. ಯಾರು ಬರೆದಿದ್ದು ಇದನ್ನ?"

"ಯಾರೂ ಬರೆದಿಲ್ಲ ಅಂಕಲ್. ನಿಜವಾದ ಮರದ ಫೋಟೋ ಅದು."

ಮರಕ್ಕೇ ಮರ ಹೇಗಿರಬೇಕು ಅಂತ ಪಾಠ ಹೇಳಿದ ಹಾಗಾಯಿತು.

ನರ್ಸಿನ ಹಾಳೆ ಓದಿ ಅವಳು ಒಂದು ಹಲಗೆ ಎತ್ತಿಕೊಟ್ಟಳು. ತಿಳಿ ಕಂದು, ಮ್ಯಾಟ್, ಎಳೆಯೂ ಇಲ್ಲದ ಹಾಗೆ, ಗಂಟಂತೂ ಇಲ್ಲವೇ ಇಲ್ಲ. "ಇದೇ ತಗೊಳ್ಳಿ ಅಂಕಲ್. ನಮ್ಮಜ್ಜಿಗೂ ಹೀಗೇ ಆಗಿತ್ತು. ಇದನ್ನೇ ಹಾಕ್ಸಿದ್ವಿ." ಒಳ್ಳೆಯ ಹುಡುಗಿ. ಹಲಗೆ ಮಾತ್ರ ಸಪ್ಪೆ. ಬಿಸ್ಕತ್ತಿನ ಡಬ್ಬದ ರಟ್ಟು.

ಮೊಳದುದ್ದದ ಮೂರು ಸ್ಯಾಂಪಲ್ ಕೊಟ್ಟು ಕಳಿಸಿದಳು. ಗಂಟಿಲ್ಲದ್ದು, ತೆಳು ಎಳೆಯದು, ಮತ್ತೆ ನಾನು ಹಟ ಮಾಡಿ ಇಸಿದುಕೊಂಡದ್ದು — ತೇಗ, ದೊಡ್ಡ ದೊಡ್ಡ ಗಂಟು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ಈಗಿಂದೀಗಲೇ ಬರೆಯಲು ಕೂತೆ. ಖುಷಿಗೆ.

ಮೂರೂ ಸ್ಯಾಂಪಲ್ ಅವಳ ಕುರ್ಚಿಯ ಮುಂದೆ ಸಾಲಾಗಿ ಇಟ್ಟೆ. ಗಂಟಿಲ್ಲದ್ದರ ಮೇಲೆ ಕಾಲಿಟ್ಟಳು, ತೆಗೆದಳು. ಎರಡನೆಯದೂ ಹಾಗೇ. ಮೂರನೆಯದರ ಮೇಲೆ ಕಾಲಿಡಲಿಲ್ಲ. ಬಗ್ಗಿದಳು. ತೋರುಬೆರಳಿನಿಂದ ಗಂಟಿನ ಸುತ್ತ ಎಳೆ ಹೋದ ಹಾಗೇ ಸುತ್ತಿದಳು. ನಾನು ಬರೆದ ಪ್ರತಿ ಬಾಗಿಲನ್ನೂ ಅವಳು ಹೀಗೆ ಬೆರಳಿಟ್ಟು ನೋಡಿ ಪಾಸು ಮಾಡುತ್ತಿದ್ದಳು.

"ಇದು ನಿಮ್ಮ ಕೈಕೆಲಸ," ಅಂದಳು.

ನಾಲ್ಕು ತಿಂಗಳಿಂದ ನನ್ನನ್ನು ಒಂದೊಂದು ದಿನ ಅವಳಣ್ಣ ಅನ್ನುತ್ತಾಳೆ, ಒಂದೊಂದು ದಿನ ಡ್ರೈವರ್ ಅನ್ನುತ್ತಾಳೆ. ಇವತ್ತು ನನ್ನ ಮುಖ ನೋಡಿ, ನಿಮ್ಮ ಕೈಕೆಲಸ ಅಂದಳು.

ಹೌದು ಕಣೇ ಅಂದೆ. ಸುಳ್ಳು. ಇರಲಿ.

ಮಾರ್ಚ್ 10, ಸೋಮವಾರ

ಮಗಳ ಜೊತೆ ಫೋನಿನಲ್ಲಿ ಜಟಾಪಟಿ.

"ನರ್ಸ್ ಏನು ಬರ್ಕೊಟ್ಟಿದ್ದಾರೆ? ಚಿತ್ತಾರ ಬೇಡ ಅಂತ ತಾನೇ?"

"ಚಿತ್ತಾರ ಅಲ್ಲ ಕಣಮ್ಮಾ, ಗಂಟು."

"ಅಪ್ಪಾ, ಇದು ನಿನ್ನ ಬಾಗಿಲಲ್ಲ. ಅಮ್ಮ ನಡೆಯೋ ನೆಲ."

"ಅವಳು ಗುರುತು ಹಿಡಿದಳು. ನೀನಿರಲಿಲ್ಲ, ನಿನಗೆ ಗೊತ್ತಿಲ್ಲ."

ಆಮೇಲೆ ಮೆಲ್ಲಗೆ, "ನಿನಗೆ ಅದೇ ಬೇಕು ಅಂದ್ರೆ ತಗೋ. ಆಮೇಲೆ ನನ್ನ ಕೇಳ್ಬೇಡ," ಅಂದಳು. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಹನ್ನೆರಡು ಗಂಟೆಗೆ ಅಂಗಡಿಗೆ ಫೋನ್. ಕ್ಯಾಟಲಾಗ್ ರಾಣಿ ಎರಡು ಸಲ ಕೇಳಿದಳು — "ಗಂಟಿರೋದೇನಾ ಅಂಕಲ್?" ಎರಡು ಸಲವೂ ಹೌದು ಅಂದೆ.

ಮಾರ್ಚ್ 14, ಶುಕ್ರವಾರ

ಇಪ್ಪತ್ತು ಪೆಟ್ಟಿಗೆ ಬಂದವು. ಬಂದ ಕೂಡಲೇ ಹಾಕುವ ಹಾಗಿಲ್ಲ. ಎರಡು ದಿನ ಇದೇ ಹಾಲಿನಲ್ಲಿ ಸುಮ್ಮನೆ ಮಲಗಿರಬೇಕಂತೆ, ಮನೆಯ ಹವೆಗೆ ಒಗ್ಗಬೇಕಂತೆ. ಇಲ್ಲದಿದ್ದರೆ ಆಮೇಲೆ ಹಿಗ್ಗುತ್ತೆ, ಕುಗ್ಗುತ್ತೆ, ರಗಳೆ ಮಾಡುತ್ತೆ. ಹೊಸ ಸೊಸೆಯ ಹಾಗೆ ಅಂತ ಪೆಟ್ಟಿಗೆ ತಂದವನು ನಗಾಡಿದ.

ಅವಳು ಪೆಟ್ಟಿಗೆಯ ಮೇಲೆ ಕೂತಳು. ಮಧ್ಯಾಹ್ನ ಪೂರ್ತಿ ಅಲ್ಲೇ. "ನಾವು ಯಾವಾಗ ಹೊರಡೋದು?" ಅಂತ ಕೇಳುತ್ತಲೇ ಇದ್ದಳು. ಸೋಮವಾರ ಅಂದೆ.

ಮಾರ್ಚ್ 17, ಸೋಮವಾರ. ಸಂಜೆ

ಹಾಕಿ ಮುಗಿಯಿತು. ಹಾಕಿದ ಮೇಸ್ತ್ರಿ ನನ್ನ ವಯಸ್ಸಿನವನೇ. ಎರಡೂ ಮಂಡಿಗೆ ರಬ್ಬರ್ ಕವಚ ಕಟ್ಟಿಕೊಂಡು ದಿನವಿಡೀ ಮಂಡಿಯ ಮೇಲೇ ಓಡಾಡುತ್ತಾನೆ. ಮಂಡಿ ಮೇಸ್ತ್ರಿ. ಕೆಲಸ ಅಚ್ಚುಕಟ್ಟು. ಮೊದಲು ಟೈಲ್ಸ್ ಮೇಲೆ ತೆಳು ಫೋಮ್ ಹಾಸಿದ. ಹಲಗೆಗೆ ಹಲಗೆ ಕೊಂಡಿ ಹಾಕಿ, ಕಟ್ಟಿಗೆ ತುಂಡಿಟ್ಟು ತಟ್ಟಿದರೆ ಕ್ಲಿಕ್. ಗೋಡೆ ಪಕ್ಕ ಒಂದು ಬೆರಳು ಜಾಗ ಬಿಟ್ಟ. ಉಸಿರಾಡೋಕೆ ಅಂದ. ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಪಟ್ಟಿ ಹೊಡೆದು ಆ ಸಂದನ್ನು ಮುಚ್ಚಿದ.

ಮಧ್ಯಾಹ್ನದ ಹೊತ್ತಿಗೆ ನನ್ನ ಕಣ್ಣಿಗೆ ಬಿತ್ತು. ಬಾತುಕೋಳಿ ತಲೆಯಂಥ ಒಂದು ಗಂಟು. ಎರಡು ಸಾಲು ಆಚೆ ಮತ್ತೆ ಅದೇ ಬಾತುಕೋಳಿ. ಬಚ್ಚಲ ಬಾಗಿಲ ಹತ್ತಿರ ಇನ್ನೊಂದು.

"ಎಂಟು ಹಲಗೆಗೊಂದು ಸಲ ಅದೇ ಚಿತ್ರ ವಾಪಸ್ ಬರುತ್ತೆ ಯಜಮಾನ್ರೇ. ಅಕ್ಕಪಕ್ಕ ಬರದ ಹಾಗೆ ನೋಡ್ಕೊಂಡಿದೀನಿ."

ನಲವತ್ತು ವರ್ಷದಲ್ಲಿ ನಾನು ಒಂದು ಗಂಟನ್ನೂ ಎರಡು ಸಲ ಬರೆದವನಲ್ಲ. ಹೇಳಿದರೆ ಮುದುಕನ ಜಂಬ ಅನ್ನುತ್ತಾನೆ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ. "ಒಂದೇ ಒಂದು ಮಾತು. ನೀರು ತಾಗಿಸ್ಬೇಡಿ. ಚೆಲ್ಲಿದ ಕೂಡ್ಲೇ ಒರೆಸಿಬಿಡಿ. ಸಂದಿಗೆ ನೀರಿಳಿದ್ರೆ ಹಲಗೆ ಅಂಚು ಉಬ್ಬಿ ಎದ್ದುಬಿಡುತ್ತೆ. ಉಬ್ಬಿದ್ದು ಮತ್ತೆ ಕೂರಲ್ಲ."

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 7.30

ನಾಲ್ಕು ನಿಮಿಷ!

ಬಾಗಿಲಲ್ಲಿ ನಿಲ್ಲಲಿಲ್ಲ, ಬಟ್ಟೆ ಎತ್ತಲಿಲ್ಲ. ಬಚ್ಚಲಿಗೆ ಹೋದಳು, ಬಂದಳು. ಹಾಲಿನ ಮಧ್ಯೆ ನಿಂತು ಕಾಲ ಬೆರಳು ಆಡಿಸಿ, "ಬೆಚ್ಚಗಿದೆ," ಅಂದಳು. ಮಗಳಿಗೆ ವಿಡಿಯೋ ಕಳಿಸಿದೆ. ಅವಳು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದಳು. ಆಮೇಲೆ ಇನ್ನೊಂದು ಮೆಸೇಜ್ — "ಸಾರಿ ಅಪ್ಪಾ."

ಗೆದ್ದೆ ಅನಿಸಿತು. ಇಡೀ ದಿನ ಹಾಗೇ ಅನಿಸುತ್ತಿತ್ತು.

ಮಾರ್ಚ್ 19, ಬುಧವಾರ

ಮಂಡಿಯೂರಿ ಕೂತು ಬಚ್ಚಲ ಬಾಗಿಲ ಹತ್ತಿರದ ಹಲಗೆಯ ಗಂಟನ್ನು ಒರೆಸುತ್ತಿದ್ದಳು. ಧೂಳಿರಬಹುದು ಅಂದುಕೊಂಡೆ.

ಮಾರ್ಚ್ 20, ಗುರುವಾರ

ಧೂಳಲ್ಲ.

ನಾನು ಬಾಗಿಲು ಬರೆಯುವಾಗ ಬಣ್ಣದ ಹನಿ ಕೆಳಗೆ ಬೀಳುತ್ತಿತ್ತು. ಎಷ್ಟೇ ಹುಷಾರಾಗಿದ್ದರೂ ಬೀಳುತ್ತಿತ್ತು. ನನ್ನ ಹಿಂದೆ ಅವಳು. ಒಂದು ಕೈಯಲ್ಲಿ ಟರ್ಪೆಂಟೈನ್ ಬಾಟಲಿ, ಇನ್ನೊಂದರಲ್ಲಿ ಬಟ್ಟೆ. ಹನಿ ಒಣಗುವ ಮೊದಲು ಒರೆಸಬೇಕು, ಇಲ್ಲದಿದ್ದರೆ ಮನೆಯವರ ನೆಲ ಹಾಳು. ಮದುವೆಯಾದ ಎರಡನೇ ವಾರದಿಂದ ಕೊನೆಯ ಬಾಗಿಲಿನ ತನಕ ಅದೇ ಅವಳ ಕೆಲಸ. ನಾನು ಹಿಂದೆ ತಿರುಗಿ ನೋಡಿದವನೇ ಅಲ್ಲ. ಹಿಂದೆ ಅವಳಿದ್ದಾಳೆ ಅಂತ ಗೊತ್ತಿತ್ತು.

ಇವತ್ತು ಕೇಳಿದೆ, ಏನು ಮಾಡ್ತಿದ್ದೀಯ ಅಂತ.

"ಎಷ್ಟು ಚೆಲ್ಲಿದ್ದೀರ ನೋಡಿ. ಮನೆಯವ್ರು ಬರೋ ಹೊತ್ತಾಯ್ತು."

ನಿಮ್ಮ ಕೈಕೆಲಸ ಅಂದದ್ದು ಇದಕ್ಕೇ. ಅವಳು ಮೆಚ್ಚಿದ್ದಲ್ಲ. ತನ್ನ ಕೆಲಸ ಎಲ್ಲಿದೆ ಅಂತ ನೋಡಿದ್ದು.

ಮಾರ್ಚ್ 22, ಶನಿವಾರ

ಬಟ್ಟೆ ಬಚ್ಚಿಟ್ಟೆ. ತನ್ನ ತೋಳಿನಿಂದ ಒರೆಸಿದಳು. ಅಡುಗೆಮನೆಯ ನಲ್ಲಿ ಬಂದ್ ಮಾಡಿದೆ. ಕುಡಿಯುವ ನೀರಲ್ಲಿ ಅದ್ದಿದಳು, ಆಮೇಲೆ ಟೀಯಲ್ಲಿ. ಲೋಟ ಕಿತ್ತುಕೊಂಡೆ. ಉಗುಳು ಹಚ್ಚಿ ಉಜ್ಜಿದಳು.

ಬಾತುಕೋಳಿ ಗಂಟನ್ನು ಒರೆಸಿ ಮುಂದೆ ಹೋದರೆ ಮತ್ತೆ ಅದೇ ಬಾತುಕೋಳಿ. ನನ್ನನ್ನು ನೋಡಿ ತಲೆಯಾಡಿಸುತ್ತಾಳೆ. "ಈಗಷ್ಟೇ ಒರೆಸಿದ್ದೆ. ಮತ್ತೆ ಚೆಲ್ಲಿದ್ರಾ?" ಸಿಟ್ಟಿಲ್ಲ. ಆಯಾಸ ಅಷ್ಟೇ. ಆಗಲೂ ಸಿಟ್ಟು ಮಾಡುತ್ತಿರಲಿಲ್ಲ.

ಮೊಣಕಾಲಿನ ಚರ್ಮ ಎದ್ದಿದೆ. ಮುಲಾಮು ಹಚ್ಚಿದೆ. ಮಂಡಿ ಮೇಸ್ತ್ರಿಯ ಕವಚ ನೆನಪಾಯಿತು. ಇಂಥ ಯೋಚನೆ ಬಂದಾಗ ನನ್ನ ತಲೆಗೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನರ್ಸಿನ ಫಾರ್ಮಿನಲ್ಲಿ ಇವತ್ತು: ಊಟ ಸರಿ. ನಿದ್ದೆ ಸರಿ. ಸಿಡುಕು ಇಲ್ಲ. 'ಚಟುವಟಿಕೆ' ಅಂತ ಒಂದು ಕಾಲಂ ಇದೆ. ಅದರಲ್ಲಿ 'ಮನೆ ಕೆಲಸ' ಅಂತ ಬರೆದೆ. ಮಗಳಿಗೆ ಏನೂ ಹೇಳಿಲ್ಲ.

ಮಾರ್ಚ್ 24, ಸೋಮವಾರ

ಉಪಾಯ ಒಂದು. ಕೆಲಸ ಮುಗೀತು, ಮನೆಯವರು ನೋಡಿ ಮೆಚ್ಚಿ ಹೋದರು ಅಂದೆ. ಕೋಟು ಹಾಕಿಕೊಂಡೆ, ಅವಳಿಗೂ ಹಾಕಿದೆ. ಹೊರಗೆ ಕರೆದುಕೊಂಡು ಹೋಗಿ ಮೆಟ್ಟಿಲ ಹತ್ತಿರ ಐದು ನಿಮಿಷ ನಿಲ್ಲಿಸಿ ವಾಪಸ್ ತಂದೆ. ಮನೆಗೆ ಬಂದ್ವಿ ನೋಡು, ಇದು ನಮ್ಮನೆ.

ಒಳಗೆ ಬಂದವಳು ನೆಲ ನೋಡಿದಳು. "ನಮ್ಮನೇಲೂ ಚೆಲ್ಲಿದ್ದೀರ."

ನಗು ಬಂತು. ಇಬ್ಬರೂ ನಕ್ಕೆವು, ಬೇರೆ ಬೇರೆ ಕಾರಣಕ್ಕೆ. ಆಮೇಲೆ ಅವಳು ಕೋಟು ತೆಗೆದು ಅದರಿಂದಲೇ ಒರೆಸಲು ಕೂತಳು.

ಮಾರ್ಚ್ 26, ಬುಧವಾರ

ಉಪಾಯ ಎರಡು. ನನ್ನ ತಲೆಗೆ ಬೆಂಕಿ ಹಾಕ.

ಅವಳು ಏಳುವ ಮೊದಲೇ ಹಳೇ ಡಬ್ಬಿಗಳನ್ನು ತೆಗೆದೆ. ತಿಳಿ ಕಂದು, ಒಂದು ಚೂರು ಹಳದಿ, ಚಾಕುವಿನ ತುದಿಯಷ್ಟು ಕಪ್ಪು. ಹಲಗೆಯ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಕಲಸಿದೆ. ಕೈ ಇನ್ನೂ ನನ್ನ ಮಾತು ಕೇಳುತ್ತದೆ. ಒಂದು ಗಂಟಿನ ಮೇಲೆ ಬಳಿದು ಬಾಚಣಿಗೆ ಎಳೆದೆ. ಗಂಟು ಮಾಯ. ಇರುವ ಗಂಟನ್ನು ಇಲ್ಲ ಮಾಡುವುದು ಇದೇ ಮೊದಲು. ಹೀಗೇ ದಿನಕ್ಕೆ ಹತ್ತು ಅಳಿಸಿದರೆ ತಿಂಗಳೊಳಗೆ ಎಲ್ಲ ಅಳಿಸಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಎದ್ದು ಬಂದಳು.

ಬೆರಳಿಟ್ಟಳು. ಹಸಿ ಬಣ್ಣ ಬೆರಳಿಗೆ ಹತ್ತಿತು. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಬಂತು! ನೋಡಿ, ಬರ್ತಾ ಇದೆ."

ಒಂದೇ ಉಜ್ಜಿಗೆ ಪೂರ್ತಿ ಒರೆಸಿದಳು. ಕೆಳಗಿನ ಗಂಟು ಮತ್ತೆ ಎದ್ದು ಬಂತು, ಅದು ಬೇರೆ ಮಾತು. ಉಜ್ಜಿದರೆ ಬರುತ್ತೆ ಅಂತ ಈಗ ಗೊತ್ತಾಗಿಹೋಯಿತಲ್ಲ. ಮಧ್ಯಾಹ್ನದ ತನಕ ಎದ್ದೇಳಲಿಲ್ಲ. ನಾನೇ ಹೇಳಿಕೊಟ್ಟ ಹಾಗಾಯಿತು.

ಮಾರ್ಚ್ 28, ಶುಕ್ರವಾರ

ಬಚ್ಚಲ ಬಾಗಿಲ ಮುಂದೆ ಎರಡು ಹಲಗೆ ಸೇರುವ ಜಾಗ ಉಬ್ಬಿದೆ. ಬೆರಳು ಎಳೆದರೆ ತಡೆಯುತ್ತದೆ. ಸ್ನಾನ ಮಾಡಿಸಿ ಕರೆತರುವಾಗ ಒದ್ದೆ ಟವೆಲ್ ಅಲ್ಲೇ ಹಾಕಿ ಒರೆಸಿದ್ದಳು. ನಾನು ಬಾಗಿಲು ತೆಗೆಯಲು ಹೋಗಿದ್ದೆ, ಎರಡು ನಿಮಿಷ ಅಷ್ಟೇ.

ಮಂಡಿ ಮೇಸ್ತ್ರಿ ಬಂದು ಬಗ್ಗಿ ನೋಡಿದ. "ಹೇಳಿದ್ನಲ್ಲ ಯಜಮಾನ್ರೇ."

ಹೇಳಿದ್ದ. ಎಲ್ಲರೂ ಹೇಳಿದ್ದರು.

ಅದೊಂದೇ ಹಲಗೆ ತೆಗೆಯಲು ಬರುವುದಿಲ್ಲವಂತೆ. ಗೋಡೆ ಕಡೆಯಿಂದ ಒಂದೊಂದೇ ಬಿಚ್ಚಿಕೊಂಡು ಬರಬೇಕು. ಹಾಗಾದರೆ ಎಲ್ಲ ಬಿಚ್ಚಿ, ಗಂಟಿಲ್ಲದ್ದು ಹಾಕು ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದ. ಅಡುಗೆಮನೆ ಬಾಗಿಲಲ್ಲಿ ಅವಳು ಅವನ ಬೂಟಿನ ಗುರುತು ಒರೆಸುತ್ತಿದ್ದಳು. ಅದನ್ನೂ ನೋಡಿದ. ಆಯ್ತು ಅಂದ.

ಕ್ಯಾಟಲಾಗ್ ರಾಣಿಗೆ ಫೋನ್. ಗಂಟಿಲ್ಲದ್ದು ಸ್ಟಾಕ್ ಇಲ್ಲ. ಏಪ್ರಿಲ್ ಹನ್ನೊಂದಕ್ಕೆ ಬರುತ್ತೆ. "ಎಲ್ರೂ ಅದನ್ನೇ ಕೇಳ್ತಾರೆ ಅಂಕಲ್."

ಹನ್ನೊಂದಕ್ಕೆ ಬಂದರೆ ಎರಡು ದಿನ ಮಲಗಬೇಕು. ಹದಿನಾಲ್ಕಕ್ಕೆ ಹಾಕಬಹುದು. ಹದಿನೇಳು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದರೆ ಆಯಿತು. ಹದಿನೇಳು ದಿನ ಏನು ಮಹಾ.

ಮಾರ್ಚ್ 30, ಭಾನುವಾರ

ಮಗಳು ಬಂದಿದ್ದಳು. ಉಬ್ಬಿದ ಜಾಗದ ಮೇಲೆ ಕುರ್ಚಿ ಇಟ್ಟುಕೊಂಡು ನಾನೇ ಕೂತಿದ್ದೆ. ಊಟಕ್ಕೂ ಏಳಲಿಲ್ಲ. ಬಚ್ಚಲ ಬಾಗಿಲಲ್ಲಿ ಕೂತು ಉಣ್ಣುವ ಗಂಡಸು ನಾನೊಬ್ಬನೇ ಇರಬೇಕು.

"ಅಮ್ಮ ಯಾಕೆ ನೆಲ ಒರೆಸ್ತಾಳೆ?"

"ಹಳೇ ಅಭ್ಯಾಸ. ಒಳ್ಳೇದೇ, ಕೈಗೆ ವ್ಯಾಯಾಮ."

ಹೊರಡುವಾಗ ಅಮ್ಮನ ಮೊಣಕಾಲು ನೋಡಿಬಿಟ್ಟಳು. ಬ್ಯಾಗಿನಿಂದ ಕೇರ್ ಹೋಮಿನ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಒಂದು ಕೋಣೆ ಖಾಲಿ ಇದೆಯಂತೆ.

ಏಪ್ರಿಲ್ 2, ಬುಧವಾರ

ಬಿದ್ದಳು.

ಏಪ್ರಿಲ್ 3, ಗುರುವಾರ. ಆಸ್ಪತ್ರೆ

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ. ಕುರ್ಚಿಯಿಂದ ನಾನು ಎದ್ದಿದ್ದೆ, ಹಾಲು ಉಕ್ಕುತ್ತಿತ್ತು. ಉಬ್ಬಿದ ಅಂಚಿಗೆ ಅವಳ ಕಾಲ ಹೆಬ್ಬೆರಳು ತಗುಲಿತು. ಸದ್ದು ಕೇಳಿ ಓಡಿ ಬಂದೆ. ಮಗ್ಗುಲಾಗಿ ಬಿದ್ದಿದ್ದಾಳೆ, ಕಾಲು ಎಲ್ಲೋ ತಿರುಗಿದೆ. ಆ ನೋವಿನಲ್ಲೂ ಕೈಯಲ್ಲಿ ಬಟ್ಟೆ ಇತ್ತು. ಮುಖದ ಹತ್ತಿರ ಒಂದು ಗಂಟು ಇತ್ತು. ಅದನ್ನು ಒರೆಸುತ್ತಿದ್ದಳು.

ಸೊಂಟದ ಮೂಳೆ. ನಾಳೆ ಆಪರೇಷನ್.

ಕಾರಿಡಾರಿನಲ್ಲಿ ಮಗಳಿಗೆ ಎಲ್ಲ ಹೇಳಿದೆ. ಗಂಟು, ಹನಿ, ಉಬ್ಬಿದ್ದು, ಕುರ್ಚಿ, ಫಾರ್ಮಿನಲ್ಲಿ ಬರೆದ ಸುಳ್ಳು. ಎಲ್ಲ ನನ್ನದೇ ತಪ್ಪು ಅಂದೆ. ಅಲ್ಲ ಅಪ್ಪಾ ಅನ್ನುತ್ತಾಳೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದಕ್ಕೇ ಹೇಳಿದ್ದು.

"ಗೊತ್ತು," ಅಂದಳು. ಎದ್ದು ನಿಂತು, "ಟೀ ಕುಡೀತೀಯಾ?"

ಕುಡಿದೆವು.

ಏಪ್ರಿಲ್ 11, ಶುಕ್ರವಾರ

ಗಂಟಿಲ್ಲದ ಹಲಗೆ ಬಂತು. ಇಪ್ಪತ್ತು ಪೆಟ್ಟಿಗೆ. ಆರ್ಡರ್ ಕ್ಯಾನ್ಸಲ್ ಮಾಡಲು ಮರೆತಿದ್ದೆ. ಹಾಲಿನಲ್ಲಿ ಮಲಗಿವೆ, ಮನೆಯ ಹವೆಗೆ ಒಗ್ಗಲು.

ಮಂಡಿ ಮೇಸ್ತ್ರಿ ಫೋನ್ ಮಾಡಿದ, ಸೋಮವಾರ ಬರಲಾ ಅಂತ. ಸದ್ಯಕ್ಕೆ ಬೇಡ ಅಂದೆ. ಅಮ್ಮಾವ್ರು ಹೇಗಿದ್ದಾರೆ ಅಂತ ಕೇಳಿದ. ಅದಕ್ಕೂ ಸದ್ಯಕ್ಕೆ ಬೇಡ ಅಂದುಬಿಟ್ಟೆ.

ಏಪ್ರಿಲ್ 19, ಶನಿವಾರ

ಆಸ್ಪತ್ರೆಯಿಂದ ಸೀದಾ ಕೇರ್ ಹೋಮಿಗೆ. ಸಹಿ ನಾನೇ ಹಾಕಿದೆ. ಮಾತು ಕೊಟ್ಟಿದ್ದೆನಲ್ಲ.

ಇನ್ನು ನಡೆಯುವುದಿಲ್ಲವಂತೆ. ಗಾಲಿ ಕುರ್ಚಿ. ಇನ್ನು ನೆಲ ಯಾವುದಾದರೇನು.

ಅಲ್ಲಿಯ ನೆಲ ಬೂದು ಬಣ್ಣ. ಈ ತುದಿಯಿಂದ ಆ ತುದಿಗೆ ಒಂದೇ ಹಾಳೆ. ಹೊಳಪಿಲ್ಲ, ಎಳೆಯಿಲ್ಲ, ಸಂದಿಲ್ಲ, ಗಂಟಿಲ್ಲ. ನರ್ಸಿನ ಹಾಳೆಯಲ್ಲಿದ್ದ ಹಾಗೇ.

ಮನೆಗೆ ಬಂದು ಬಾತುಕೋಳಿ ಗಂಟಿನ ಪಕ್ಕ ಕೂತೆ. ಬೆರಳಿಟ್ಟು ನೋಡಿದೆ. ಎರಡು ವಾರ ಅಷ್ಟು ಉಜ್ಜಿದ್ದಳು. ಒಂದಿಷ್ಟೂ ಮಾಸಿಲ್ಲ. ಇಪ್ಪತ್ತು ವರ್ಷ ಏನೂ ಆಗಲ್ಲ ಅಂಕಲ್ ಅಂದಿದ್ದಳು ಅಂಗಡಿಯ ಹುಡುಗಿ. ನಿಜವನ್ನೇ ಹೇಳಿದ್ದಳು. ಕೂತಲ್ಲೇ ಅತ್ತೆ. ಯಾರೂ ಇರಲಿಲ್ಲ, ಸಾಕಾಗುವಷ್ಟು ಅತ್ತೆ.

ಏಪ್ರಿಲ್ 27, ಭಾನುವಾರ

ಕುರ್ಚಿಯಲ್ಲಿ ಬಗ್ಗಿ ಬಗ್ಗಿ ನೆಲ ನೋಡುತ್ತಿದ್ದಳು. ಆ ಕಡೆ, ಈ ಕಡೆ. ಕೈಯಲ್ಲಿ ಪೇಪರ್ ಕರವಸ್ತ್ರ.

"ಇವತ್ತು ಕೆಲಸ ಇಲ್ವಾ?"

"ಇಲ್ಲ ಕಣೇ. ರಜೆ."

"ನಾಳೆ?"

ನಾಳೆ ಇರಬಹುದು ಅಂದೆ. ಊಟ ಸರಿಯಾಗಿ ಮಾಡುತ್ತಿಲ್ಲ ಅಂತ ಅಲ್ಲಿಯ ಆಯಾ ಹೇಳಿದಳು. ದಿನವಿಡೀ ನೆಲ ನೋಡ್ತಾರೆ, ಏನು ಹುಡುಕ್ತಾರೋ ಗೊತ್ತಿಲ್ಲ ಸರ್. ನನಗೆ ಗೊತ್ತಿತ್ತು.

ಮೇ 4, ಭಾನುವಾರ

ನೆಲ ನೋಡುವುದನ್ನು ಬಿಟ್ಟಿದ್ದಾಳೆ. ಕಿಟಕಿ ಕಡೆ ಮುಖ. ನನ್ನ ಜೊತೆ ಮಾತಿಲ್ಲ.

ಮಗಳು ಕಾರಿನಲ್ಲಿ ಕೇಳಿದಳು, ಆ ಪೆಟ್ಟಿಗೆಗಳನ್ನ ಏನು ಮಾಡ್ತೀಯಪ್ಪಾ ಅಂತ. ಇರಲಿ ಅಂದೆ. ಈಗಾಗಲೇ ಮನೆಗೆ ಒಗ್ಗಿಹೋಗಿವೆ.

ಮೇ 11, ಭಾನುವಾರ. ಸಂಜೆ

ಔಷಧದ ಚಿಕ್ಕ ಶೀಶೆಯಲ್ಲಿ ಬಣ್ಣ ತೆಗೆದುಕೊಂಡು ಹೋದೆ. ಗಾಢ ಕಂದು, ತೇಗದ ಗಂಟಿಗೆ ಹಾಕುತ್ತಿದ್ದದ್ದು. ಜೇಬಿನಲ್ಲಿ ಅವಳ ಹಳೇ ಬಟ್ಟೆ ಚೂರು. ಕಳ್ಳನ ಹಾಗೆ ಒಳಗೆ ಹೋದೆ. ಒಂದು ಹನಿ ಇದ್ದರೆ ಸಾಕು, ಅವಳು ಮತ್ತೆ ನನ್ನವಳಾಗಿ ಬಗ್ಗುತ್ತಾಳೆ ಅಂತ ವಾರವಿಡೀ ಅಂದುಕೊಂಡಿದ್ದೆ. ನಾಚಿಕೆಯಿಲ್ಲದ ಆಸೆ.

ಆಯಾ ಹಾಸಿಗೆ ಸರಿ ಮಾಡುತ್ತಿದ್ದಳು. ಅವಳ ಬೆನ್ನು ಈ ಕಡೆ ತಿರುಗಿದಾಗ ಬೆರಳು ಅದ್ದಿ ಬೀಳಿಸಿದೆ. ಬೂದು ನೆಲದ ಮೇಲೆ ದುಂಡಗೆ ಕೂತಿತು. ಬಟ್ಟೆ ಹೆಂಡತಿಯ ಕೈಗೆ ಕೊಟ್ಟೆ.

"ನೋಡೇ, ಚೆಲ್ಲಿಬಿಟ್ಟೆ. ಮನೆಯವ್ರು ಬರೋದ್ರೊಳಗೆ..."

ಹನಿ ನೋಡಿದಳು. ನನ್ನನ್ನು ನೋಡಿದಳು. ನನ್ನ ಬೆರಳಿನ ಬಣ್ಣ ನೋಡಿದಳು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಆಯಾ ಕಡೆ ತಿರುಗಿದಳು.

"ಪೇಂಟರ್ ಚೆಲ್ಲಿದ್ದಾರೆ. ಪಾಪ, ಇವರ ಹಿಂದೆ ಯಾರೂ ಬಂದಿಲ್ವಾ?"

ಆಯಾ ನನ್ನ ಮುಖ ನೋಡಿದಳು. ಯಾರೂ ಬಂದಿಲ್ಲಮ್ಮಾ ಅಂದೆ ನಾನೇ. ಹನಿಯ ಅಂಚು ಆಗಲೇ ಒಣಗುತ್ತಿತ್ತು. ಬಟ್ಟೆ ಕೊಡಿ ಅಂದೆ. ಕೊಟ್ಟಳು. ಮಂಡಿಯೂರಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನೇ ಬಗ್ಗಿ ನನ್ನ ಹನಿ ಒರೆಸಿದೆ.